ಮೊದಲು ಕಾಲು ಕೊಳ್ಳಿ

ಶಟರು ಅರ್ಧ ಎಳೆದಿದ್ದೆ.
ಬಗ್ಗಿ ಒಳಗೆ ಬಂದಳು ಎದೆಲ್ಮಿರಾ,
ಉರ್ತಾದೊ ಕಣಿವೆಯ ಶಾಲೆಬಸ್ಸು ಓಡಿಸುವವಳು.
ಟವೆಲ್ಲಿನಲ್ಲಿ ಸುತ್ತಿದ ಡಿಜಿಟಲ್ ಕ್ಯಾಮೆರಾ ತೋಳಲ್ಲಿ,
ಜ್ವರದ ಕೂಸನ್ನು ಡಾಕ್ಟರಿಗೆ ತಂದ ಹಾಗೆ.

ಸೀದಾ ಹೋಗಿ ನಿಂತದ್ದು ದೊಡ್ಡದರ ಮುಂದೆ.
ಎಂಟಂಗುಲದ ಬಾಯಿ, ಎದೆಮಟ್ಟದ ಕೊಳವೆ,
ಕಿಟಕಿಯಲ್ಲಿ ನಿಂತು ನಿಂತು
ಓವಾಯೆ ಪೇಟೆಯ ಅರ್ಧ ಗಂಡಸರ ನಿದ್ದೆ ತಿಂದದ್ದು.
"ಇದರಲ್ಲಿ ಎಲ್ಲ ಕಾಣುತ್ತದಲ್ಲ?"

ಕಾಣುತ್ತದೆ, ಕಣ್ಣಿಗೆ.
ಕ್ಯಾಮೆರಾ ಬೇರೆಯೇ ಪ್ರಾಣಿ, ತಾಯಿ.
ಕಣ್ಣು ಕಂಡದ್ದನ್ನು ಕಂಡಲ್ಲೇ ಖರ್ಚು ಮಾಡುತ್ತದೆ,
ಇದು ಚಿಲ್ಲರೆ ಕೂಡಿಡುವ ಮುದುಕಿ:
ಎರಡು ನಿಮಿಷದ ಬೆಳಕು, ಮೂರು ನಿಮಿಷದ ಬೆಳಕು.
ಅಷ್ಟು ಹೊತ್ತು ನೆಲ ಸುಮ್ಮನಿರಬೇಕಲ್ಲ?
ನೆಲ ಸರಿದರೆ ಚುಕ್ಕಿ ಗೀರಾಗುತ್ತದೆ,
ಬೆಕ್ಕು ಪರಚಿದ ಬಾಗಿಲಾಗುತ್ತದೆ ಆಕಾಶ.

ಅದಕ್ಕೇ ಹೇಳುತ್ತೇನೆ, ಮೊದಲು ಕಾಲು ಕೊಳ್ಳಿ.
ಈ ಮೂರು ಕಾಲು, ಮೇಲೊಂದು ಕಬ್ಬಿಣದ ಕುತ್ತಿಗೆ,
ಒಳಗೊಂದು ಪುಟ್ಟ ಮೋಟರು.
ನೆಲ ಮೂಡಲಿಗೆ ಎಷ್ಟು ಹೊರಳಿತೋ
ಅಷ್ಟೇ ಇದು ಪಡುವಲಿಗೆ. ಬೇರೆ ಬದುಕಿಲ್ಲ ಇದಕ್ಕೆ.
ಮುಕ್ಕಾಲು ದುಡ್ಡು ಮುಕ್ಕಾಲಿಗೆ,
ಉಳಿದ ಕಾಲು ಗಾಜಿಗೆ.

"ಬಸ್ಸು ಕೇಳಿದರೆ ಚಕ್ರ ಮಾರುತ್ತೀರಲ್ಲ!"

ಸರಿ ಎಂದು ದೊಡ್ಡದರ ಪಕ್ಕದ ತೂತಿಗೆ
ಅವಳ ಕ್ಯಾಮೆರಾ ಸಿಕ್ಕಿಸಿದೆ.
ಎದುರಿನ ಚರ್ಚಿನ ಗಂಟೆ ಬೆಣ್ಣೆಮುದ್ದೆ.
ತಿರುಪು ಕೊನೆಗಂಟ ತಿರುವಿದೆ. ಆದರೂ
ಸ್ಫುಟವಾಗುವ ಜಾಗ ಇನ್ನೂ ಎರಡು ಬೆರಳು ಒಳಗೇ.
ಬೆರಳಲ್ಲಿ ಕೊಳವೆ ತಟ್ಟಿ ಎಣಿಸಲು ಹೇಳಿದೆ.
ನಡುಕ ನಿಂತದ್ದು ಒಂಬತ್ತಕ್ಕೆ.
"ಇದು ಮಾರಾಟದ್ದಲ್ಲ," ಎಂದು ಬಾಯಿಬಿಟ್ಟೆ ಕೊನೆಗೆ,
"ನನ್ನದೇ. ಮೂವತ್ತರ ವಯಸ್ಸಿನಲ್ಲಿ ಕೊಂಡದ್ದು.
ಒಂದು ಫೋಟೊ ಬರಲಿಲ್ಲ."

ಆಗ ಅವಳು ಕೂತಳು. ಆಗ ಹೇಳಿದಳು:
ಬೆಳಗಿನ ಐದಕ್ಕೆ, ಕಡೆಯ ನಿಲ್ದಾಣದ ಕತ್ತಲಲ್ಲಿ,
ಎರಡನೇ ತರಗತಿಯ ನಿಕಾನೋರ್ ಬಸ್ಸು ಹತ್ತದೆ ಕೇಳುತ್ತಾನಂತೆ,
ಆ ಮೋಡ ದಿನಾ ಚುಕ್ಕಿಗಳ ಜೊತೆಗೇ ಬರುತ್ತದಲ್ಲ,
ಮಳೆ ಯಾಕೆ ಸುರಿಸುವುದಿಲ್ಲ?

ನಕ್ಕೆ. ಆಮೇಲೆ ಲೆಕ್ಕ ಹಾಕಿದೆ.
ತೋಳು ಚಾಚಿ ಮುಷ್ಟಿ ಹಿಡಿದರೆ
ಆ ಮುಷ್ಟಿಯಷ್ಟಗಲ ಆ ಮೆಗೆಲನ್ ಮೋಡ.
ನನ್ನ ಅಂಗಡಿಯ ಯಾವ ಕೊಳವೆಯಲ್ಲೂ ಹಿಡಿಸದು,
ಕಪಾಟಿನ ಎಪ್ಪತ್ತು ಮಿಲಿಮೀಟರಿನ ಚಿಕ್ಕದರಲ್ಲೂ.
ನಿಮ್ಮ ಕ್ಯಾಮೆರಾಕ್ಕಿರುವ ಲೆನ್ಸೇ ಸಾಕು.

ವ್ಯಾಪಾರಿ ಹೇಳುವ ಮಾತೇ ಇದು?
ಹೇಳಿಬಿಟ್ಟಿದ್ದೆ.

ಕಾಲು ಮಾತ್ರ ಕೊಂಡಳು, ಮೂರು ಕಂತಿನಲ್ಲಿ.
ಬಸ್ಸಿಗೇರಿಸುತ್ತ ಇನ್ನೊಂದು ಎಚ್ಚರಿಕೆ ಕೊಟ್ಟೆ:
ಉತ್ತರದವರು ಪುಣ್ಯವಂತರು, ಅವರಿಗೆ ಕದಲದ ಧ್ರುವನಿದ್ದಾನೆ.
ನಮ್ಮ ದಕ್ಷಿಣದ ಪೀಠ ಖಾಲಿ.
ಸುತ್ತ ನಾಲ್ಕೈದು ಮಂಕು ಚುಕ್ಕಿ ಕಾವಲಿವೆ,
ಅವನ್ನು ಹುಡುಕಿ, ನಡುವಿನ ಏನೂ ಇಲ್ಲದ್ದಕ್ಕೆ
ಕುತ್ತಿಗೆಯನ್ನು ಗುರಿಯಿಡಬೇಕು.
ಮೊದಲ ರಾತ್ರಿಗಳಲ್ಲಿ ಅಳು ಬರುತ್ತದೆ.

ಅಕ್ಟೋಬರಿನಲ್ಲಿ ಬಂದಳು. ಅತ್ತದ್ದು ನಿಜವಂತೆ,
ಗಾಳಿಗೆ, ಚಳಿಗೆ, ತೀರಿದ ಬ್ಯಾಟರಿಗೆ.
ಕ್ಯಾಮೆರಾದ ಬೆನ್ನಿನ ಚಿಕ್ಕ ಪರದೆಯಲ್ಲಿ ತೋರಿಸಿದಳು:
ಚುಕ್ಕಿಗಳು ಒಂದು ಮಗ್ಗುಲಿಗೆ ಅಕ್ಕಿಕಾಳಿನಂತೆ ತುಸು ಉದ್ದ,
ಮೂಲೆಯಲ್ಲಿ ಬಸ್ಸಿನ ಕನ್ನಡಿಯ ಕಪ್ಪು,
ನಡುವೆ ಮೋಡ, ಒಡೆದ ಉಪ್ಪಿನ ಹಾಗೆ
ಹರಳು ಹರಳಾಗಿ.

"ಹುಡುಗ ಏನೆಂದ?"

"ಮೋಡವಲ್ಲ ಎಂದೆ. ಎಲ್ಲ ಚುಕ್ಕಿ ಎಂದೆ.
ಹಾಗಾದರೆ ಅವು ಸುರಿಯುವುದು ಯಾವಾಗ ಎಂದ."

ಪರದೆಯ ಅಂಚಿಗೆ ಉಗುರು ತಂದು ಕೇಳಿದಳು,
"ಇಲ್ಲೊಂದು ಕೆಂಪು ಗಂಟಿದೆಯಲ್ಲ, ಅದರೊಳಗೆ?"

ನಾನು ಕಪಾಟಿನ ಚಿಕ್ಕ ಕೊಳವೆ ಇಳಿಸಿ ಧೂಳು ಒರೆಸತೊಡಗಿದೆ.
ಅವಳಿನ್ನೂ ಬೆಲೆ ಕೇಳಿರಲಿಲ್ಲ.