ಹಾಜರಿ

ಶನಿವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ
ನಮ್ಮ ಶಾಲೆಯ ಎರಡನೇ ಹಾಜರಿ.
ಪುಸ್ತಕ ಅದೇ, ನೀಲಿ ಗೀಟಿನದು;
ಹೆಸರು ಮಾತ್ರ ಬೇರೆ.

'ಹೊಂಗೆ, ಒಂದು?'
ಗಿಡ ಹಿಡಿದು ನಿಂತ ನಸ್ರೀನ್, 'ಇದೀನಿ ಮಿಸ್.'
'ಮತ್ತಿ?' ಇದೀನಿ.
'ನೇರಳೆ, ನಾಲ್ಕು?'
ಯಾರೂ ಇಲ್ಲ. ಮೇಕೆ ತಿಂತು ಎಂದು
ರಾಜಕಾಲುವೆಯಾಚೆಯಿಂದ ಗಂಗಹನುಮಕ್ಕ ಕೂಗುತ್ತಾಳೆ.
ಮೇಕೆ ಅವಳದೇ.

ಕಳೆದ ಜೂನಿನಲ್ಲಿ ಬ್ಯಾನರು ಕಟ್ಟಿ, ಟೋಪಿ ಹಾಕಿ
ನೆಟ್ಟವರು ಇನ್ನೂರು ಅಂದರು.
ನಮ್ಮ ಲೆಕ್ಕಕ್ಕೆ ಸಿಕ್ಕಿದ್ದು ಎಪ್ಪತ್ತಮೂರು.
ಏಪ್ರಿಲ್ ತುಂಬ ಬಿಂದಿಗೆ ಹೊತ್ತದ್ದು ಆರನೇ ಕ್ಲಾಸು:
ಟ್ಯಾಂಕರಿನ ತಳದಲ್ಲುಳಿದ ನೀರು,
ಮನೆಯಲ್ಲಿ ಅಕ್ಕಿ ತೊಳೆದದ್ದು.

ವಾಪಸು ಬರುವಾಗ ರಸ್ತೆ ಬದಿಗೆ
ಆ ಮುದಿ ಗೋಣಿಮರಗಳ ಸಾಲು.
ಸೊಂಟದ ಮೇಲೆ ಕೆಂಪು ಬಣ್ಣದ ನಂಬರು,
ನಿನ್ನೆಯಷ್ಟೇ ಬರೆದದ್ದು,
ಮುಟ್ಟಿದರೆ ಬೆರಳಿಗೆ ಹತ್ತುತ್ತೆ.

ಚೆಲುವರಾಜುಗೆ ಖುಷಿ:
'ಮಿಸ್, ಇವರೂ ನಮ್ಮ ಕ್ಲಾಸಾ? ರೋಲ್ ನಂಬರ್ ಇದೆ!'
ಮೇಲ್ಸೇತುವೆ ಎಂಬ ಪದವನ್ನು ನಾನು
ಬಾಯಲ್ಲೇ ಹೊರಳಿಸುತ್ತಿರುವಾಗ
ಅವನು ಕರೆದೇಬಿಟ್ಟ: 'ನಲವತ್ತೇಳು?'

ಮೇಲೆಲ್ಲೋ ಕುಟ್ರು ಹಕ್ಕಿ.
ಕುಟ್ರೂ, ಕುಟ್ರೂ.
'ಇದಾನೆ ಮಿಸ್, ಬರ್ಕೊಳ್ಳಿ.'

ಬರೆದುಕೊಂಡೆ.
ಆಕ್ಷೇಪಣೆಗೆ ಏಳು ದಿನ ಎನ್ನುತ್ತಿದೆ
ಕಾಂಡಕ್ಕೆ ಮೊಳೆ ಹೊಡೆದ ನೋಟೀಸು.
ಸೋಮವಾರ ಪಾಲಿಕೆ ಕಚೇರಿಗೆ
ಅರ್ಜಿಯ ಜೊತೆ ಈ ಪುಸ್ತಕವನ್ನೂ ಒಯ್ಯುತ್ತೇನೆ.
ಕೊನೆಯ ಪುಟದಲ್ಲಿ
ಅಕ್ಕಿ ನೀರಿನ ಕಲೆಯಿದೆ,
ಇರಲಿ.