ಎರಡು ಜೇಬಿನ ಲೆಕ್ಕ

ಎಡಜೇಬಿನಲ್ಲಿ ಹಳೆಯದು. ಭಾನುವಾರದ ಬಜಾರಿನಲ್ಲಿ
ಗಡಿಯಾರದ ಕೀಲಿ, ಕಿವುಡು ಬೀಗ, ಒಂಟಿ ಬಾಗಿಲ ಹಿಡಿಗಳ ನಡುವೆ
ಗೋಣಿತಟ್ಟಿನ ಮೇಲೆ ಮಡಚಿಕೊಂಡು ಮಲಗಿತ್ತು.
ಕೊಂಬಿನ ಹಿಡಿ, ಹಿತ್ತಾಳೆಯ ತುದಿ,
ತುದಿಯಲ್ಲಿ ಯಾರೋ ಮೊಳೆಯಿಂದ ಗೀರಿದ ಎರಡಕ್ಷರ: ಮು. ರಾ.
ಮುದ್ದುರಾಮನೋ, ಮುನಿರಾಜುವೋ.
ಕೇಳಿದರೆ ಮಾರುವವ ನಕ್ಕ:
"ಅಕ್ಷರಕ್ಕೆ ಬೇರೆ ದುಡ್ಡಿಲ್ಲ. ನೂರಾ ನಲವತ್ತು."

ಬಲಜೇಬಿನದು ಹೊಸದು. ತಂಗಿಯ ಮಗಳು ಇಂಪನಾ
ಮೊದಲ ಸಂಬಳದಲ್ಲಿ ತರಿಸಿದ್ದು.
ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು.
ಕೈಯಿಂದ ಕೈಗೆ ಹೋದ ಚಾಕು ಜಗಳ ತರುತ್ತದಂತೆ;
ಅದರ ಮೇಲೆ ನನ್ನಿಂದ ಒಂದು ರೂಪಾಯಿ ಬೇರೆ ವಸೂಲಿ.
ಹೆಬ್ಬೆರಳು ಸೋಕಿದರೆ ಸಾಕು,
ಟಕ್.
ಒಳಗಿನ ತಗಡೊಂದು ಅಡ್ಡ ಬಂದು ಅಲಗಿನ ಹಿಂದೆ ನಿಲ್ಲುತ್ತದೆ.

ಜೆ.ಸಿ. ರಸ್ತೆಯಲ್ಲಿ ನಾನು ಕಾರಿನ ಸೀಟು ಹೊಲಿಯುವವ.
ಇಡೀ ದಿನ ರೆಕ್ಸಿನ್, ಸ್ಪಂಜು, ಹಳೇ ಹೊಲಿಗೆ ಬಿಚ್ಚುವುದು.
ಎಡಗೈ ಬಿಗಿದು ಎಳೆದಿರುವಾಗ
ಎರಡು ಕೈ ಬೇಡುವ ಚಾಕು ಯಾರಿಗೆ ಬೇಕು?
ದಸ್ತಗೀರ್ ಹೇಳುತ್ತಾನೆ: "ಮೇಸ್ತ್ರಿ, ನಿಮ್ಮ ಹಳೇದು
ಸರ್ಕಾರಿ ಆಫೀಸಿದ್ದಂಗೆ. ತೆರೆಯೋದು ಲೇಟು,
ಮುಚ್ಚೋದು ಮಾತ್ರ ಬೇಗ."

ಮುಚ್ಚುವ ಮಾತು ನಿಜ. ಅದಕ್ಕೆ ತಡೆಯಿಲ್ಲ.
ಒಮ್ಮೆ ಒತ್ತಿದ ದಿಕ್ಕು ತಪ್ಪಿ
ತೋರುಬೆರಳ ಮೇಲೆಯೇ ಮಡಚಿಕೊಂಡಿತು.
ಗಾಯ ಸರಿಯಾಗಿ ಬೆರಳ ಮಡಿಕೆಯಲ್ಲಿ ಬಿದ್ದದ್ದರಿಂದ
ಈಗ ಹುಟ್ಟಿನಿಂದ ಇದ್ದ ಗೆರೆಯಂತೆ ಕಾಣುತ್ತದೆ.

ಹಾಗಾದರೆ ಹೊಸದೇ ಎನ್ನಿ. ನಾನೂ ಎನ್ನುತ್ತಿದ್ದೆ.
ಆದರೆ ಸೀಬೆಹಣ್ಣು?
ನಾಲ್ಕೂವರೆಗೆ ಗಾಡಿ ಬಂದು ನಿಂತಾಗ
ದಪ್ಪ ಬೆನ್ನಿನ ಹೊಸ ಅಲಗು ಹಣ್ಣನ್ನು ಸೀಳುತ್ತದೆ, ಹೆಚ್ಚುವುದಿಲ್ಲ.
ಹಳೆಯದು ಸವೆದು ಸವೆದು ಅರ್ಧಕ್ಕಿಳಿದಿದೆ,
ಬೀಜ ತಾಕಿದ್ದೂ ಬೆರಳಿಗೆ ತಿಳಿಯುತ್ತದೆ.
ಮಾವಿನಕಾಯಿ ಕೊಯ್ದ ದಿನ ಅದರ ಮೈಮೇಲೆ
ನೀಲಿಗಪ್ಪು ಮೋಡ ಏಳುತ್ತದೆ, ಒರೆಸಿದರೂ ಹೋಗದು.
ಹೊಸದರ ಮೇಲೆ ಏನೂ ನಿಲ್ಲದು. ಮೂರು ವರ್ಷವಾಯಿತು,
ಇನ್ನೂ ಡಬ್ಬದಿಂದ ಈಗ ತೆಗೆದಂತಿದೆ.

ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬರುವ ಬುಡೇನ್ ಸಾಹೇಬರು
ಹಳೆಯದಕ್ಕೆ ಇಪ್ಪತ್ತು, ಹೊಸದಕ್ಕೆ ಐವತ್ತು ಕೇಳುತ್ತಾರೆ:
"ಇದು ನನ್ನ ಕಲ್ಲನ್ನೇ ತಿನ್ನುತ್ತೆ."

ಮೆಟ್ರೋದಲ್ಲಿ ಎರಡನ್ನೂ ಬಿಡುವುದಿಲ್ಲ.
ಅಲ್ಲಿ ಮಾತ್ರ ಅವೆರಡೂ ಸಮ. ಹಾಗಾಗಿ ನಾನು ಬಸ್ಸಿನವನು.

ಮೊನ್ನೆ ಹೊಸದು ಅಂಗಡಿಯ ಡ್ರಾಯರಿನಲ್ಲೇ ಉಳಿದಿತ್ತು.
ಮಾರ್ಕೆಟ್ಟಿನಲ್ಲಿ ಹತ್ತಿದ ಅಜ್ಜಿಯೊಬ್ಬಳ ಹೂವಿನ ಮೂಟೆಯ ದಾರ
ಸೀಟಿನ ಬೋಲ್ಟಿಗೆ ಸಿಕ್ಕಿಕೊಂಡು,
ಸೌತ್ ಎಂಡ್ ಬರುತ್ತಿತ್ತು, ಕಂಡಕ್ಟರ್ ಕೂಗುತ್ತಿದ್ದ.
ನನ್ನ ಒಂದು ಕೈ ಕಂಬಿಯಲ್ಲಿ, ಇನ್ನೊಂದರಲ್ಲಿ ಊಟದ ಡಬ್ಬಿ.
ಡಬ್ಬಿಯನ್ನು ಅಜ್ಜಿಗೆ ಕೊಟ್ಟೆ, ಕಂಬಿಗೆ ಭುಜ ಆನಿಸಿದೆ,
ಪಕ್ಕದ ಹುಡುಗ, ಕೇಳಲೂ ಇಲ್ಲ,
ನನ್ನ ಬೆಲ್ಟು ಹಿಡಿದುಕೊಂಡ.
ಎರಡು ಕೈಯ ಚಾಕಿಗೆ ಅವತ್ತು ಐದು ಕೈ ಬಿದ್ದವು.

ಉಗುರು ಹಾಕಿ ಎಳೆದೆ. ತೆರೆಯಿತು. ದಾರಕ್ಕೆ ಹಚ್ಚಿದೆ.
ಒಂದು ಸಲ. ಇನ್ನೊಂದು ಸಲ.
ಮತ್ತೂ ಉಜ್ಜಿದ ಮೇಲೆ ಎಳೆ ಎಳೆಯಾಗಿ ಬಿಟ್ಟಿತು.
ಡಬ್ಬಿ ವಾಪಸು ಕೊಡುತ್ತಾ ಅಜ್ಜಿ
ಚಾಕುವನ್ನು ನೋಡಿದಳು, ನನ್ನನ್ನು ನೋಡಿದಳು:
"ಚೆನ್ನಾಗೈತೆ. ಮೊದಲು ಇದನ್ನ ಮಸೆಯಪ್ಪ."

ರಾತ್ರಿ ಪಿಂಗಾಣಿ ಕಪ್ಪೊಂದನ್ನು ಬೋರಲು ಹಾಕಿ
ತಳದ ಒರಟು ಉಂಗುರಕ್ಕೆ ಅಲಗು ತಾಗಿಸಿದೆ.
ಸರ್. ಸರ್.
ಮು. ರಾ. ಕೂಡ ಹೀಗೇ ಕೂತಿದ್ದನೇನೋ,
ದೀಪ ಹತ್ತಿರಕ್ಕೆಳೆದುಕೊಂಡು, ಉಸಿರು ಹಿಡಿದು.
ಒಳಗಿನಿಂದ ಇವಳು ಕೂಗಿದಳು:
"ಆ ಕಪ್ಪು ಹೊಸದು ರೀ!"