ದಕ್ಕೆಯ ಕಾಗೆಗೆ ಹಸಿವಿಲ್ಲ

ದೂಜ ಮಾವ ಸತ್ತದ್ದು ನವೆಂಬರಿನಲ್ಲಿ.
ತಪ್ಪು ತಿಂಗಳು, ಎಂದಳು ವಾರಿಜ ದೊಡ್ಡಮ್ಮ.
ಬಲೆ ಹರಿಯುವಷ್ಟು ಬೂತಾಯಿ ಬಿದ್ದ ವರ್ಷ,
ಯಾವ ಕಾಗೆಗೆ ಬೇಕು ನಮ್ಮ ಅನ್ನ?

ಸಾಯುವುದಿದ್ದರೆ ಆಟಿಯಲ್ಲಿ ಸಾಯಬೇಕು ಮಾರಾಯ್ತಿ,
ಬೋಟುಗಳೆಲ್ಲ ದಡ ಹತ್ತಿ, ಕಡಲು ಬಾಗಿಲು ಹಾಕಿ,
ಕಾಗೆಗಳು ಮಾಡಿನ ಅಂಚಿನಲ್ಲಿ ತೊಯ್ದು ಕೂತು
ತೊಳೆದ ಪಾತ್ರೆಯ ಅಗುಳಿಗೂ ಕಚ್ಚಾಡುವ ಹೊತ್ತು.
ಆಗ ಎಲೆ ಹಾಕುವ ಮೊದಲೇ ಬರುತ್ತವೆ,
ಕರೆಯದ ನೆಂಟರ ಹಾಗೆ.

ಬೊಜ್ಜದ ದಿನ. ಬೆಂಗ್ರೆಯ ಮರಳು.
ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿ,
ಬದಿಯಲ್ಲೊಂದು ಬೀಡಿ.
ತುದಿಗೆ ಬೆಂಕಿ ತಾಗಿಸಿ ಇಟ್ಟದ್ದು ನಾನೇ.
ಹೊಳೆಯಾಚೆ ದಕ್ಕೆ, ಅಲ್ಲಿ ಆಕಾಶವೇ ಕಪ್ಪು.
ನಮಗೆ ಫೆರಿಯಲ್ಲಿ ಹತ್ತು ನಿಮಿಷ,
ಅವಕ್ಕೆ ಅರೆ ನಿಮಿಷ, ಟಿಕೇಟೂ ಇಲ್ಲ.
ಒಂದೂ ಬರಲಿಲ್ಲ.

ಕಾ... ಕಾ... ಎಂದ ಗೋಪು ಕರ್ಕೇರ,
ಎಂಜಿನ್ನಿನ ಸದ್ದು ಮೀರಿ ಕೂಗಿ ಪಳಗಿದ ಗಂಟಲು.
ನಾಯಿಯೊಂದು ಎದ್ದು ಕೂತಿತು, ಅಷ್ಟೆ.

ನೆರಳು ಕಾಲಬುಡಕ್ಕೆ ಬಂತು.
ಗುರಿಕಾರರು ವಾಚು ನೋಡಿದರು:
ಏನೋ ಬಾಕಿಯಿದೆ. ಹೇಳುವವರು ಹೇಳಿಬಿಡಿ.

ಯಶವಂತ ಮುಂದೆ ಬಂದು ಎಲೆಗೆ ಕೈಮುಗಿದ:
ಮಾವಾ, ಎಂಜಿನ್ನಿನ ಹಣದಲ್ಲಿ ಹದಿನೆಂಟು ಸಾವಿರ
ಮೆಕ್ಯಾನಿಕ್ಕಿಗೆ ಹೋಗಲಿಲ್ಲ. ಎಲ್ಲಿಗೆ ಹೋಯಿತೆಂದು ಕೇಳಬೇಡ.
ಮಾವ ಕೇಳಲಿಲ್ಲ.
ಅವನ ಹೆಂಡತಿ ಕೇಳಿದಳು.

ನಳಿನಾಕ್ಷಿ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ
ನಿನ್ನ ಹೊಸ ಬಲೆ ಮಾರಿದ್ದು ನಾನು, ಕಳ್ಳರಲ್ಲ, ಎಂದಳು.
ಆ ಕಳ್ಳತನಕ್ಕೆ ಪೆಟ್ಟು ತಿಂದಿದ್ದ ಲೋಕು
ಅಲ್ಲೇ ಎಲ್ಲರಿಗೂ ನೀರು ಕೊಡುತ್ತಿದ್ದ.
ಚೊಂಬು ಕೆಳಗಿಟ್ಟ. ಒಂದು ಮಾತೂ ಆಡಲಿಲ್ಲ.

ಆಮೇಲೆ ಹಿಂದಿನ ಸಾಲಿನಿಂದ
ಉಳ್ಳಾಲದ ಬಸ್ಸಿಳಿದು ಬಂದಿದ್ದ, ಯಾರಿಗೂ ಗುರುತಿಲ್ಲದ
ಹೆಂಗಸೊಬ್ಬಳು ಎದ್ದಳು.
ನಾನು ಹೋಗುತ್ತೇನೆ, ನೀನು ತಿನ್ನು,
ಎಂದು ಎಲೆಗಷ್ಟೇ ಕೇಳುವ ಹಾಗೆ ಹೇಳಿ
ಚಪ್ಪಲಿ ಹುಡುಕತೊಡಗಿದಳು.
ನಾವೆಲ್ಲ ಮರಳನ್ನು ನೋಡಿದೆವು.

ನನ್ನಲ್ಲೂ ಒಂದಿತ್ತು.
ವೆನ್ಲಾಕಿನಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
ಇಲ್ಲಿಗೂ ಇವರಿಗೆ ತಂದುಕೊಡುವವರು ಯಾರು,
ಎಂದು ಡಾಕ್ಟರು ಗದರಿಸಿದಾಗ
ನಾನು ಕಿಟಕಿಯಾಚೆ ನೋಡುತ್ತಿದ್ದೆ.
ಮಾವನೂ ಅದೇ ಕಿಟಕಿಯಾಚೆ ನೋಡುತ್ತಿದ್ದ.
ಗುರಿಕಾರರು ಇನ್ನೊಮ್ಮೆ, ಬೇರೆ ಯಾರಾದರೂ, ಎಂದರು.
ನಾನು ಬಾಯಿ ತೆರೆಯಲಿಲ್ಲ.
ಎಲೆಯ ಮೇಲಿನ ಬೀಡಿಯೊಂದೇ
ಬುಡದವರೆಗೆ ಉರಿದಿತ್ತು,
ಯಾರೋ ನಿಧಾನಕ್ಕೆ ಸೇದಿ ಮುಗಿಸಿದ ಹಾಗೆ.

ಕೊನೆಗೆ ಎಲೆಯನ್ನು ನೀರಿಗೆ ಬಿಟ್ಟೆವು.
ಮೀನು ತಿಂದಿರಬೇಕು.
ಆ ಮೀನನ್ನು ಯಾರು ತಿಂದರೋ.

ಮರುದಿನ ನಾಲ್ಕು ಗಂಟೆಗೆ ದಕ್ಕೆಯಲ್ಲಿ
ನಾನು ಬಂಗುಡೆ ಬೇರೆ, ಬೂತಾಯಿ ಬೇರೆ ಮಾಡುತ್ತಿದ್ದೆ.
ಪೆಟ್ಟಿಗೆಯ ಅಂಚಿಗೆ ಬಂದು ಕೂತಿತು ಒಂದು,
ಕಾಲಿಗೆ ಬಲೆಯ ನೀಲಿ ನೂಲು ಸುತ್ತಿಕೊಂಡದ್ದು.
ಕತ್ತು ಓರೆ ಮಾಡಿ ನೋಡಿತು.

ಅಡುಗೆಮನೆಯ ಕಿಟಕಿಯಲ್ಲಿ ಕೂಗಿದರೆ ನೆಂಟರು,
ತಲೆ ಮುಟ್ಟಿ ಹಾರಿದರೆ ಮನೆಯಲ್ಲಿ ಸಾವು,
ಇದಕ್ಕೆಲ್ಲ ನಿನಗೆ ಪುರುಸೊತ್ತಿದೆ.
ನಿನ್ನೆ ಎಲ್ಲಿ ಸತ್ತಿದ್ದೆ ಕಪ್ಪು ಮೋರೆಯದೇ,
ಬಾರದೆಯೇ ಮೂರು ಮನೆ ಒಡೆದೆಯಲ್ಲ!

ಬೈದು ಮುಗಿದ ಮೇಲೂ ಅದು ಕದಲಲಿಲ್ಲ.
ಐಸು ಪುಡಿ ಮಾಡುವ ಮೆಶಿನ್ನು ಶುರುವಾಯಿತು.
ನನ್ನ ಮಾತು ನನಗೇ ಕೇಳಿಸದ ಆ ಸದ್ದಿನಲ್ಲಿ
ನನ್ನದನ್ನೂ ಹೇಳಿಬಿಟ್ಟೆ,
ದಿನಕ್ಕೆ ಎಷ್ಟು, ಯಾವ ಅಂಗಡಿಯಿಂದ, ಎಲ್ಲ.
ಒಂದು ಮೀನಿನ ತಲೆಯನ್ನೂ ಎಸೆದೆ.

ನುಂಗಿತು. ಪೆಟ್ಟಿಗೆಗೆ ಕೊಕ್ಕನ್ನು ಆ ಬದಿ ಈ ಬದಿ ಒರೆಸಿತು.
ಆಮೇಲೆ ಹಾರಿದ್ದು ಹೊಳೆಯಾಚೆಗಲ್ಲ,
ಬೆಂಗ್ರೆಯ ಕಡೆಗೇ ಅಲ್ಲ,
ನೆಟ್ಟಗೆ ಮೀನು ಮಾರ್ಕೆಟ್ಟಿಗೆ.

ಅಲ್ಲಿ ಆರು ಗಂಟೆಗೆ
ವಾರಿಜ ದೊಡ್ಡಮ್ಮ ಬುಟ್ಟಿ ಇಳಿಸುತ್ತಾಳೆ.